ಕೊಲೆಗಾರನಿಗೆ ಕೊಟ್ಟ ಉಸಿರು

ಗೋರೆಗಾಂವ್ ಪೂರ್ವ, ಬೇಕರಿಯ ಮೇಲಿನ ಮೂರನೇ ಮಾಳಿಗೆ.
ಲಿಫ್ಟು ಕೆಟ್ಟಿತ್ತು ಅಂದು. ನಾನು ಹೋದದ್ದು
ಯಾವುದೋ ಸೀರಿಯಲ್ಲಿನ ಮದುವೆಮನೆ ಗದ್ದಲಕ್ಕೆ.
ಹತ್ತು ಹೆಂಗಸರು ಒಟ್ಟಿಗೆ
"ಅಯ್ಯೋ, ಮದುಮಗಳೆಲ್ಲಿ?" ಎನ್ನುವ ಕೆಲಸ,
ತಲೆಗೆ ಆರುನೂರು, ಚಹಾ ಬೇರೆ.

ಮೆಟ್ಟಿಲು ಹತ್ತಿ ಬಾಗಿಲಿಗೊರಗಿ ನಿಂತಾಗ
ಎದೆಯೊಳಗೆ ಎಂದಿನ ಹಳೆ ಹಾರ್ಮೋನಿಯಂ,
ಒಂದೆರಡು ಮನೆ ಅಂಟಿಕೊಂಡದ್ದು.
ಸೌಂಡಿನ ಹುಡುಗ ಕೌಸ್ತುಭ ಗುರವ
ಹೆಡ್‌ಫೋನು ಕೆಳಗಿಳಿಸಿ ನನ್ನನ್ನೇ ನೋಡಿದ,
ಕಳೆದುಹೋದ ಚಪ್ಪಲಿ ಸಿಕ್ಕವನ ಹಾಗೆ.
"ವಾರಿಜಾ ಆಂಟಿ, ಇದನ್ನೇ. ಇದನ್ನೇ ಇನ್ನೊಮ್ಮೆ."

ಸಿನಿಮಾ ಆಗಲೇ ತೆಗೆದಾಗಿತ್ತು. ಮಢ್ ದ್ವೀಪದ ಬಾಡಿಗೆ ಬಂಗಲೆ,
ಹನ್ನೊಂದು ರಾತ್ರಿ, ಒಂದೇ ಜನರೇಟರು.
ಐವರು ಗೆಳೆಯರು. ಹಿಂದೆ ಒಬ್ಬ, ಮುಖಕ್ಕೆ ಗೋಣಿ.
ಗೋಣಿಯೊಳಗಿದ್ದವನು ವಿಕ್ರೋಳಿಯ ಜಿಮ್ ಮಾಸ್ತರ,
ದಹಿಹಂಡಿಯಲ್ಲಿ ತಳದ ಸುತ್ತಿಗೆ ನಿಲ್ಲುವವನು.
ತೋಳು ರಾಕ್ಷಸನದು, ಉಸಿರು ಮಾತ್ರ
ತೊಟ್ಟಿಲ ಕೂಸಿನದು, ಮೈಕಿಗೆ ಸಿಗಲೇ ಇಲ್ಲ.
ಹೀಗೆ ನನ್ನ ದಮ್ಮಿಗೆ ಬೆಲೆ ಬಂತು. ಎರಡು ಸಾವಿರ, ನಗದು.

ಇನ್‌ಹೇಲರು ಪರ್ಸಿನಲ್ಲೇ ಇರಲಿ ಎಂದರು.

ಕತ್ತಲ ಕೋಣೆ, ಗಾಜಿನ ಪಕ್ಕ ಪರದೆ.
ಮೊದಲು ಸತ್ತವನು ಲೌಕಿಕ, ಫ್ರಿಜ್ಜಿಗೆ ಕೈ ಹಾಕುತ್ತ.
ನೆತ್ತರೆಂದರೆ ಬೀಟ್‌ರೂಟು, ಸಕ್ಕರೆ ಪಾಕ:
ಅವನ ಹೆಣದ ಕೊರಳ ಮೇಲೆ ಇರುವೆಯೊಂದು
ತನ್ನ ಪಾಡಿಗೆ ಹೋಗುತ್ತಿತ್ತು.
ಎರಡನೆಯವಳು ಮೆಟ್ಟಿಲಲ್ಲಿ. ಮೂರನೆಯವನು
ಸತ್ತ ಮೇಲೂ ರೆಪ್ಪೆ ಬಡಿದ.
ನಕ್ಕೆ. ನಗಬೇಡಿ ಆಂಟಿ, ಅಂದರು.
ನಗು ಕೆಮ್ಮಾಯಿತು, ಕೆಮ್ಮನ್ನೂ ಇಟ್ಟುಕೊಂಡರು.

ನಾಲ್ಕನೆಯವಳ ಹೊತ್ತಿಗೆ ನಗು ಬರಲಿಲ್ಲ.
ಕೂಮಿ ಎಂದು ಹೆಸರು, ಹುಡುಗಿಯದು. ಅಡುಗೆಮನೆಯಲ್ಲಿ
ಬೆಂಕಿಪೊಟ್ಟಣ ಹುಡುಕುತ್ತಿದ್ದಾಳೆ, ನಮಗೆ ಬೆನ್ನು.
ಕೂದಲು ಎತ್ತಿ ಕಟ್ಟಿ ಪೆನ್ಸಿಲು ಚುಚ್ಚಿದ್ದಾಳೆ,
ಅಂಗಿಯ ಲೇಬಲ್ಲು ಕುತ್ತಿಗೆಯ ಹಿಂದೆ ಹೊರಚಾಚಿದೆ.
ಬಸ್ಸಿನಲ್ಲಾಗಿದ್ದರೆ
ಅವಳಿಗೆ ಗೊತ್ತಾಗದ ಹಾಗೆ ಒಳಸೇರಿಸುತ್ತಿದ್ದೆ.
ಗೋಣಿಯವನ ಕೈ ಏಳುತ್ತಿದೆ. ನನ್ನ ಸರದಿ.

ತಿರುಗೇ, ತಿರುಗಿ ನೋಡೇ ಮಾರಾಯ್ತಿ...
ಹೇಳುವಂತಿಲ್ಲ. ಕೊಲೆಗಾರನಿಗೆ ಮಾತಿಲ್ಲ.
ಇದ್ದದ್ದು ಉಸಿರೊಂದೇ. ಅದನ್ನೇ ಎಳೆದೆ,
ಹೊಟ್ಟೆಯ ಬುಡದಿಂದ, ಬಾವಿಯ ಹಗ್ಗ ಎಳೆದಂತೆ,
ಕೇಳಲಿ ಎಂದು, ಈ ಒಂದು ಸಲವಾದರೂ
ಅವಳಿಗೆ ಕೇಳಲಿ ಎಂದು.
ಎಳೆದಷ್ಟೂ ಅವನು ಹತ್ತಿರಾದ.
ನಾನು ಎಚ್ಚರಿಸಿದಷ್ಟೂ ಅವನಿಗೆ ಜೀವ ಬಂತು.

ಕಡ್ಡಿ ಗೀರಿದಳು. ಅಷ್ಟೇ.

ಗಾಜಿನಾಚೆ ಮೂವರು ಎದ್ದು ಚಪ್ಪಾಳೆ ತಟ್ಟಿದರು.
ಡೈರೆಕ್ಟರನಿಗೆ ರೋಮ ನಿಂತಿತ್ತಂತೆ, ತೋಳು ಚಾಚಿ ತೋರಿಸಿದ.
ಪರ್ಸು ತಡಕಾಡಿ ಎರಡು ಪಫ್ ಎಳೆದು ಕುಳಿತೆ.
ಕೌಸ್ತುಭ ನೀರಿನ ಬಾಟಲಿ ಮುಚ್ಚಳ ತೆಗೆದೇ ಕೊಟ್ಟ.
"ಐದನೆಯವಳು ಬದುಕುತ್ತಾಳೆ ಆಂಟಿ," ಎಂದ,
ಆಸ್ಪತ್ರೆಯ ಹೊರಗೆ ಹೇಳುವ ದನಿಯಲ್ಲಿ.

ಕಲ್ಯಾಣದ ಹಳೇ ಥಿಯೇಟರು, ಶುಕ್ರವಾರದ ರಾತ್ರಿ ಆಟ.
ಎಣಿಸಿದೆ: ನನ್ನನ್ನೂ ಸೇರಿಸಿ ಹದಿನಾಲ್ಕು ಮಂದಿ.
ಮೊದಲು ಬರುವ ಹೆಸರುಗಳಲ್ಲಿ ಜನರೇಟರಿನವನಿದ್ದಾನೆ,
ಬಂಗಲೆಯ ನಾಯಿ ಇದೆ. ನಾನಿಲ್ಲ.
ಅಡುಗೆಮನೆ ಬಂತು. ಪೆನ್ಸಿಲು, ಲೇಬಲ್ಲು, ಬೆನ್ನು.
ಹತ್ತಿ ಬಂದ ಬಾಲ್ಕನಿ ಮೆಟ್ಟಿಲು, ತಣ್ಣನೆ ಎಸಿ,
ಪರದೆಯ ಉಸಿರಿಗೆ ನನ್ನ ಎದೆಯೂ ಶ್ರುತಿ ಕೂಡಿಸಿತು.
ಮುಂದಿನ ಸಾಲಿನಲ್ಲೊಬ್ಬ ಹುಡುಗ, ಹದಿನೆಂಟಿರಬಹುದು,
ಕೈಯ ಪಾಪ್‌ಕಾರ್ನ್ ಬಾಯಿಗೆ ಹೋಗದೆ ನಿಂತಿತು.
ನಿಧಾನಕ್ಕೆ, ತುಂಬಾ ನಿಧಾನಕ್ಕೆ,
ತಿರುಗಿದ.

ಅವನು ಕಿರುಚುವ ಮೊದಲು
"ಸದ್ಯ, ನೋಡಿದೆಯಲ್ಲ ಮಾರಾಯ," ಎಂದೆ,
ಕನ್ನಡದಲ್ಲೇ.